ಮೂವತ್ತಾರನೇ ಪಾಠದ ಹನ್ನೊಂದನೇ ವಾಕ್ಯ

ಪಾರ್ಶ್ವವಾಯು ಹೊಡೆದ ಮೂರನೆಯ ದಿನ ಮೇಷ್ಟ್ರು ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟರು. ಹೆಂಡತಿ ಅವರ ಮುಖದ ಹತ್ತಿರ ಬಗ್ಗಿ, “ರೀ, ಹೇಗಿದೀರಿ?” ಎಂದು ಕೇಳಿದಳು. ಮೇಷ್ಟ್ರ ತುಟಿಯ ಬಲತುದಿ ಜೋತುಬಿದ್ದಿತ್ತು. ಆದರೂ ಅವರು ಒಂದಕ್ಷರ ತೊದಲದೆ, “ಐ ಗೋ ಟು ಸ್ಕೂಲ್ ಎವ್ರಿ ಡೇ” ಎಂದರು.

ಪಕ್ಕದ ಮಂಚದವರು ನಕ್ಕರು. ಇವಳಿಗೂ ಅಳುವಿನ ನಡುವೆ ನಗು ಬಂತು. ಮಾತು ಬಂತಲ್ಲ, ಅಷ್ಟು ಸಾಕು, ಯಾವ ಭಾಷೆಯಾದರೇನು ಎಂದುಕೊಂಡಳು. ಆದರೆ ಸಂಜೆಯವರೆಗೆ ಏನು ಕೇಳಿದರೂ ಇಂಗ್ಲಿಷೇ. ನೀರು ಬೇಕಾ ಎಂದರೆ ಇಂಗ್ಲಿಷು, ನೋವಿದೆಯಾ ಎಂದರೆ ಇಂಗ್ಲಿಷು. ಮನೆಮಾತಿನ ಒಂದು ‘ಹೂಂ’ ಕೂಡ ಇಲ್ಲ.

ಡಾಕ್ಟರು ಅವಳನ್ನು ಹೊರಗೆ ಕರೆದು ಕೂರಿಸಿ ಹೇಳಿದರು: “ನೋಡಿಯಮ್ಮ, ಮಾತು ಹುಟ್ಟೋ ಜಾಗಕ್ಕೇ ಪೆಟ್ಟು ಬಿದ್ದಿದೆ. ಆದ್ರೆ ಬಾಯಿಪಾಠ ಆಗಿರೋದು ಬೇರೆ ಕಡೆ ಇರುತ್ತೆ, ಅದು ಉಳ್ಕೊಂಡಿದೆ. ಕೆಲವರು ಒಂದು ಎರಡು ಎಣಿಸ್ತಾರೆ, ಕೆಲವರು ಹಾಡ್ತಾರೆ. ಇವರಿಗೆ ಪಾಠ ಉಳ್ಕೊಂಡಿದೆ.”

“ನಮ್ಮ ಮಾತು ಯಾವಾಗ ಬರುತ್ತೆ ಡಾಕ್ಟ್ರೇ?”

ಡಾಕ್ಟರು ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಅವಳಿಗೆ ಉತ್ತರ ಗೊತ್ತಾಯಿತು, ಆದರೆ ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಬಾಯಿಪಾಠ ಅವರಿಗಲ್ಲದೆ ಇನ್ನಾರಿಗೆ ಉಳಿಯಬೇಕು! ಸೈಕಲ್ ಅಂಗಡಿಯ ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷ ಅವರು ಇಂಗ್ಲಿಷ್ ಟ್ಯುಟೋರಿಯಲ್ ನಡೆಸಿದ್ದರು. ಕಲಿಯಲು ಬರುತ್ತಿದ್ದವರು ಪರೀಕ್ಷೆಯಲ್ಲಿ ಇಂಗ್ಲಿಷೊಂದರಲ್ಲೇ ಡುಮ್ಕಿ ಹೊಡೆದವರು, ಕೆಲಸದ ಸಂದರ್ಶನಕ್ಕೆ ಹೆದರಿ ಹೆದರಿ ಸಣ್ಣಗಾದವರು. ಮೇಷ್ಟ್ರ ಪದ್ಧತಿ ಅವರದೇ. ನಲವತ್ತು ಪಾಠ, ಪಾಠಕ್ಕೆ ಇಪ್ಪತ್ತೈದು ವಾಕ್ಯ, ಒಟ್ಟು ಸಾವಿರ. ಮೊದಲ ಇಪ್ಪತ್ತು ಪಾಠದಲ್ಲಿ ಕಾಲಗಳು: ಹೋಗುತ್ತಾನೆ, ಹೋದ, ಹೋಗಿದ್ದಾನೆ, ಹೋಗಿದ್ದ. ಉಳಿದ ಇಪ್ಪತ್ತರಲ್ಲಿ ಹೂ, ವ್ಹಿಚ್, ಹೂಸ್, ಹೂಮ್. ಪುಸ್ತಕ ತೆರೆಯುವಂತಿಲ್ಲ, ನಿಯಮ ಕೇಳುವಂತಿಲ್ಲ. ಅವರು ಒಂದು ವಾಕ್ಯ ಹೇಳಬೇಕು, ಇಡೀ ಕೋಣೆ ಅದನ್ನು ಒಕ್ಕೊರಲಿನಿಂದ ಹೇಳಬೇಕು, ದನಿ ನಿಂತು ಎಲ್ಲರೂ ಅವರ ಮುಖ ನೋಡಿದಾಗ ಅವರು ಮುಂದಿನದನ್ನು ಹೇಳಬೇಕು. ಕೆಳಗೆ ಟ್ಯೂಬಿಗೆ ತೇಪೆ ಹಾಕುವ ಸೈಕಲ್ ಅಂಗಡಿಯವನೂ ಕೇಳಿ ಕೇಳಿ ಇಂಗ್ಲಿಷ್ ಮಾತಾಡುವಂತಾಗಿದ್ದ. ಊರಿನವರು ಅವರಿಗೆ ‘ಹೂ-ವ್ಹಿಚ್ ಮೇಷ್ಟ್ರು’ ಎಂದೇ ಹೆಸರಿಟ್ಟಿದ್ದರು.

ಅವರ ಹೆಂಡತಿಗೂ ಊರು ಇಟ್ಟ ಹೆಸರಿತ್ತು, ಟೈಲರಮ್ಮ. ಶಾಲಾ ಸಮವಸ್ತ್ರದ ಅಂಗಡಿಯೊಂದರಿಂದ ಕತ್ತರಿಸಿದ ಬಟ್ಟೆಯ ಗಂಟು ಮನೆಗೆ ಬರುತ್ತಿತ್ತು. ಕಾಲರು ಕೂರಿಸುವುದು, ಕಾಜಾ ಹೊಲಿಯುವುದು, ಗುಂಡಿ ಹಾಕುವುದು ಅವಳ ಕೆಲಸ. ಮದುವೆಯಾಗಿ ಮೂವತ್ತೆರಡು ವರ್ಷದಲ್ಲಿ ಗಂಡ ಅವಳಿಗೆ ಇಂಗ್ಲಿಷಿನ ಒಂದು ವಾಕ್ಯವನ್ನೂ ಕಲಿಸಿರಲಿಲ್ಲ, ಅವಳು ಕೇಳಿಯೂ ಇರಲಿಲ್ಲ. ಇಡೀ ಊರಿಗೆ ಮಾತು ಕಲಿಸುವ ಮನುಷ್ಯ ಮನೆಗೆ ಬಂದರೆ ಮಿತಭಾಷಿ. “ಇವಳೇ, ಊಟ.” “ಇವಳೇ, ಕನ್ನಡಕ ಎಲ್ಲಿ?” ಅಷ್ಟರಲ್ಲೇ ಸಂಸಾರ ಸಾಗಿತ್ತು. ಕೆಟ್ಟವರಲ್ಲ. ಅವಳಿಗೆ ಜ್ವರ ಬಂದಾಗ ಕಾಜಾ ಹೊಲಿಯಲು ಕೂತು ಬೆರಳಿಗೆಲ್ಲ ಸೂಜಿ ಚುಚ್ಚಿಕೊಂಡವರು. ಆದರೆ ಬಾಯಿಬಿಟ್ಟು ಒಂದು ಮಾತು, ಅವಳಿಗೆಂದೇ ಹೇಳಿದ ಮಾತು, ಮುಂದೆ ಎಂದಾದರೂ ಹೇಳುತ್ತಾರೆ ಎಂದು ಅವಳು ಕಾಯುತ್ತಾ ಬಂದಿದ್ದಳು. ಈಗ ಆ ಬಾಯಿಗೇ ಬೀಗ ಬಿದ್ದಿತ್ತು.

ಇದ್ದದ್ದು ಒಬ್ಬಳೇ ಮಗಳು. ಅವಳ ಮತ್ತು ಅಪ್ಪನ ನಡುವೆ ಮಾತು ನಿಂತು ಹನ್ನೊಂದು ವರ್ಷವಾಗಿತ್ತು.

ಅದಕ್ಕೂ ಇಂಗ್ಲಿಷೇ ಕಾರಣ. ಹದಿನೈದು ವರ್ಷದವಳಿದ್ದಾಗ ಅವಳೂ ಮಹಡಿ ಕೋಣೆಯಲ್ಲಿ ಕೂತು ಪಾಠ ಒಪ್ಪಿಸುತ್ತಿದ್ದಳು. ಹನ್ನೊಂದನೇ ಪಾಠದಲ್ಲಿ ಮೂರು ದಿನ ಒಂದೇ ವಾಕ್ಯಕ್ಕೆ ತಡವರಿಸಿದಳು. ನಾಲ್ಕನೆಯ ದಿನ ಮೇಷ್ಟ್ರು ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿ ನಲವತ್ತು ಜನರ ಎದುರು, “ಇವಳನ್ನ ನನ್ನ ಮಗಳು ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ” ಎಂದರು. ಆಡಿದ ಮಾತನ್ನು ಅವರು ಸಂಜೆಗೆ ಮರೆತಿರಬೇಕು. ಹುಡುಗಿ ಮರೆಯಲಿಲ್ಲ. ಪಾಠಕ್ಕೆ ಮತ್ತೆ ಕಾಲಿಡಲಿಲ್ಲ. ಯಂತ್ರದ ಕೆಲಸ ಕಲಿತಳು, ಹತ್ತೊಂಬತ್ತಕ್ಕೆ ಮನೆ ಬಿಟ್ಟಳು, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆದಳು. ತಿಂಗಳಿಗೊಮ್ಮೆ ಸಮವಸ್ತ್ರದ ಅಂಗಡಿಯ ಮೆಟ್ಟಿಲ ಮೇಲೆ ಅಮ್ಮನನ್ನು ಕಂಡು, ಉಗುರಿನ ಗ್ರೀಸು ತಾಗದಂತೆ ಅಮ್ಮನ ಕೈ ಹಿಡಿದು, ಅಪ್ಪನ ಸುದ್ದಿ ಎತ್ತದೆ ಹೋಗುತ್ತಿದ್ದಳು. ಅವಳದೂ ಅಪ್ಪನದೇ ಹಟ.

ಮೇಷ್ಟ್ರನ್ನು ಮನೆಗೆ ತಂದ ವಾರಕ್ಕೆ ಮಗಳು ಬಂದಳು. ಹೊಸ್ತಿಲಲ್ಲೇ ನಿಂತು, “ಅಪ್ಪಾ” ಎಂದಳು. ಆ ಒಂದು ಮಾತಿಗೆ ಅವಳು ಹನ್ನೊಂದು ವರ್ಷ ನುಂಗಿಕೊಂಡಿರಬೇಕು. ಮೇಷ್ಟ್ರು ಅವಳ ಮುಖವನ್ನೇ ನೋಡುತ್ತಾ, “ಯು ಡು ನಾಟ್ ನೋ ದಿ ಆನ್ಸರ್” ಎಂದರು. ನಿನಗೆ ಉತ್ತರ ಗೊತ್ತಿಲ್ಲ.

ಮಗಳ ಮುಖ ಕೆಂಪಾಯಿತು. “ಮೂರನೇ ಪಾಠ” ಎಂದಳು, “ಇನ್ನೂ ಮರ್ತಿಲ್ಲ ನಾನು. ಸಾಯೋ ಹೊತ್ತಲ್ಲೂ ಪಾಠ ಒಪ್ಪಿಸ್ಬೇಕಾ ಇವರಿಗೆ?” ತಾಯಿ ಹಿಂದೆ ಓಡಿದಳು. ಮೋಟಾರು ಸೈಕಲ್ಲಿನ ಸದ್ದಷ್ಟೇ ಸಿಕ್ಕಿತು.

ಮಗಳು ಹೋದ ಮೇಲೆ ಟೈಲರಮ್ಮನಿಗೆ ಹಟ ಹತ್ತಿತು. ಅವರು ನಮ್ಮ ಭಾಷೆಗೆ ಬರಲಾರರಾದರೆ ನಾನೇ ಅವರ ಭಾಷೆಗೆ ಹೋಗುತ್ತೇನೆ, ಐವತ್ತೇಳು ವರ್ಷವಾದರೇನಂತೆ! ಬೀದಿಯ ಕೊನೆಯ ಔಷಧಿ ಅಂಗಡಿಯವಳು ಮೇಷ್ಟ್ರ ಹಳೆಯ ಶಿಷ್ಯೆ. ಮಧ್ಯಾಹ್ನ ಮೂರಕ್ಕೆ ಗಿರಾಕಿ ಕಡಿಮೆ. ಟೈಲರಮ್ಮ ಆ ಹೊತ್ತಿಗೆ ಹೋಗಿ, ಗಂಡ ಆಡಿದ ವಾಕ್ಯಗಳನ್ನು ಕೇಳಿದ ಹಾಗೆ ಮನೆಮಾತಿನ ಲಿಪಿಯಲ್ಲಿ ಬರೆದುಕೊಂಡ ಚೀಟಿಯನ್ನು ಕೌಂಟರಿನ ಮೇಲೆ ಇಡುತ್ತಿದ್ದಳು.

“ಇವೆಲ್ಲ ನಮ್ಮ ಮೇಷ್ಟ್ರ ಪಾಠದ ವಾಕ್ಯಗಳೇ ಅಮ್ಮ,” ಎಂದಳು ಅವಳು ಮೊದಲ ದಿನವೇ, “ಸುಮ್ನೆ ಬಾಯಿಗೆ ಬಂದದ್ದು ಹೇಳ್ತಿದಾರೆ ಅಷ್ಟೇ.”

“ಪಾಠದ್ದೇ ಇರ್ಲಿ ಕಣೇ. ಸಾವಿರದಲ್ಲಿ ಇದನ್ನೇ ಯಾಕೆ ಆರ್ಸಿ ಹೇಳ್ಬೇಕು? ನೀನು ಅರ್ಥ ಹೇಳು, ಮಿಕ್ಕಿದ್ದು ನನಗೆ ಬಿಡು.”

ಹೀಗೆ ಕಲಿಕೆ ನಡೆಯಿತು. ‘ವೆಂಟ್’ ಅಂದರೆ ಹೋದರು, ಮುಗಿಯಿತು. ‘ಹ್ಯಾಸ್ ಗಾನ್’ ಅಂದರೆ ಹೋಗಿದ್ದಾರೆ, ಇನ್ನೂ ಬಂದಿಲ್ಲ. ‘ಹೂ’ ಮನುಷ್ಯರಿಗೆ, ‘ವ್ಹಿಚ್’ ವಸ್ತುವಿಗೆ ಮತ್ತು ಪ್ರಾಣಿಗೆ. “ಬಂದವನು, ಬಿದ್ದದ್ದು ಅಂತ ನಮ್ಮಲ್ಲಿ ಒಂದೇ ಪದದಲ್ಲಿ ಮುಗಿಯುತ್ತೆ. ಇವರಿಗೆ ಯಾಕೆ ಇಷ್ಟು ರಗಳೆ?” ಎಂದು ಅವಳು ಬೈದುಕೊಂಡಳು. ಆಮೇಲೆ ಒಂದು ದಿನ ತೋಳನ್ನು ಅಂಗಿಗೆ ಕೂರಿಸುತ್ತಿದ್ದಾಗ ತಾನೇ ತಾನಾಗಿ ಹೊಳೆಯಿತು. ಇದು ಎರಡು ತುಂಡು ಬಟ್ಟೆಯನ್ನು ಕೂಡಿಸುವ ಹೊಲಿಗೆಯಷ್ಟೇ. ಹೊಲಿಗೆ ಒಳಗೆ ಹೋಗುವುದರ ಬದಲು ಇವರದು ಮೇಲೆ ಕಾಣುತ್ತದೆ. ಇದನ್ನು ಕೇಳಿ ಔಷಧಿ ಅಂಗಡಿಯವಳು, ಮೇಷ್ಟ್ರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ ಎಂದಳು. ಟೈಲರಮ್ಮ ಆ ದಿನ ಬೀದಿಯುದ್ದ ಬೀಗುತ್ತಾ ನಡೆದು ಬಂದಳು.

ಅರ್ಥ ತಿಳಿಯುತ್ತಿದ್ದಂತೆ ಮನೆಯಲ್ಲಿ ಮಾತುಕತೆ ಶುರುವಾಯಿತು. ಮೇಷ್ಟ್ರು ದಿನದ ಬಹುಪಾಲು ನಿದ್ದೆಯಲ್ಲೇ ಇರುತ್ತಿದ್ದರು. ಎಚ್ಚರವಿದ್ದಾಗ ಎದುರು ಕೂತು ಮಾತಾಡಿಸಿ ಮುಖ ನೋಡಿದರೆ ಒಂದು ವಾಕ್ಯ. ದಿನಕ್ಕೆ ಐದು, ತಪ್ಪಿದರೆ ಆರು. ಕಿಟಕಿ ಮುಚ್ಚಲೇ ಎಂದು ಕೇಳಿದಾಗ, ಬೆಟ್ಟದಿಂದ ಬೀಸುತ್ತಿದ್ದ ಗಾಳಿ ದೀಪ ಆರಿಸಿದೆ ಎಂದರು. ಅವಳು ತಟ್ಟನೆ ಕಿಟಕಿ ಮುಚ್ಚಿದಳು. ಕಾಲು ನೋಯುತ್ತಿದೆಯಾ ಎಂದಾಗ, ದೂರ ನಡೆದ ಪ್ರಯಾಣಿಕ ಮರದ ಕೆಳಗೆ ಮಲಗಿದ್ದಾನೆ ಎಂದರು. ಅವಳು ಎಣ್ಣೆ ಬಿಸಿ ಮಾಡಿ ತಂದು ಕಾಲು ತಿಕ್ಕಿದಳು. ಅರ್ಥ ಕೂಡದ ವಾಕ್ಯಗಳೇನು ಕಡಿಮೆಯಿರಲಿಲ್ಲ. ರಾಜನ ಕಿರೀಟ ಕದ್ದ ಕಳ್ಳ, ಮೀನು ನುಂಗಿದ ಉಂಗುರ, ಇವುಗಳನ್ನೆಲ್ಲ ಅವಳು ತಮಾಷೆಯ ಲೆಕ್ಕಕ್ಕೆ ಹಾಕಿದಳು. “ಈಗ ತಮಾಷೆ ಮಾಡೋಕೂ ಕಲ್ತಿದಾರೆ ಕಣೇ ನಮ್ಮನೆಯವರು” ಎಂದು ಔಷಧಿ ಅಂಗಡಿಯವಳ ಮುಂದೆ ಹೇಳಿಕೊಂಡಳು. ಅವಳು ಏನೋ ಹೇಳಲು ಹೊರಟು, ಬೇಡವೆಂದು ಮಾತ್ರೆಗಳನ್ನು ಎಣಿಸತೊಡಗಿದಳು.

ನಿಜ ಹೇಳಬೇಕೆಂದರೆ ಟೈಲರಮ್ಮನ ಜೀವನದಲ್ಲಿ ಅದು ಸುಖದ ಕಾಲ. ಹೀಗೆ ಹೇಳುವುದು ಕಷ್ಟ, ಆದರೂ ಅದು ಹಾಗೇ. ಮೂವತ್ತೆರಡು ವರ್ಷದಲ್ಲಿ ಆಡದಷ್ಟು ಮಾತನ್ನು ಗಂಡ ಆರು ತಿಂಗಳಲ್ಲಿ ಆಡಿದ್ದರು. ಅವಳು ಓದುವುದನ್ನೂ ಕಲಿತಳು. ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ, ಔಷಧಿ ಡಬ್ಬಿಗಳ ಮೇಲಿನ ಇಂಗ್ಲಿಷನ್ನು ಮೆಲ್ಲಗೆ ಬಿಡಿಸುವಷ್ಟು.

ಓದು ಬರದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಮೇಲೆ ಅವಳಿಗೆ ಅನೇಕ ಸಲ ಅನ್ನಿಸಿದೆ.

ಸೈಕಲ್ ಅಂಗಡಿಯವನು ಒಳ್ಳೆಯವನೇ. ಆರು ತಿಂಗಳು ಬಾಡಿಗೆ ಕೇಳದೆ ಸುಮ್ಮನಿದ್ದು, ಕೊನೆಗೆ ತಲೆ ತುರಿಸಿಕೊಳ್ಳುತ್ತಾ ಬಂದು, ಕೋಣೆ ಬೇರೆಯವರಿಗೆ ಬೇಕಂತೆ ಅಕ್ಕ, ಎಂದ. ಅವಳು ಸಾಮಾನು ತೆಗೆಯಲು ಹೋದಳು. ಒಂಬತ್ತು ಬೆಂಚು, ಒಂದು ಕಪ್ಪು ಹಲಗೆ, ಕಾಲು ಕುಂಟುವ ಮೇಜು. ಮೇಜಿನ ಖಾನೆಯಲ್ಲಿ ದಪ್ಪ ರಟ್ಟಿನ ಒಂದು ನೋಟುಬುಕ್ಕಿತ್ತು, ಗಂಡನ ದುಂಡಗಿನ ಅಕ್ಷರ. ಆಸೆಯಿಂದ ತೆರೆದು ಬೆರಳಿಟ್ಟು ಓದಿದಳು. ತೆರೆದದ್ದು ಮೂವತ್ತೆರಡನೇ ಪಾಠ. ಮೊದಲ ವಾಕ್ಯ ಅವರು ನಿನ್ನೆ ಬೆಳಿಗ್ಗೆ ಹೇಳಿದ್ದು. ಖುಷಿಯಾಯಿತು. ಎರಡನೆಯದು ನಿನ್ನೆ ಮಧ್ಯಾಹ್ನ, ಹಾಲು ಬೇಕಾ ಎಂದದ್ದಕ್ಕೆ ಹೇಳಿದ್ದು. ಮೂರನೆಯದು ಸಂಜೆ ಹೇಳಿದ್ದು. ನಾಲ್ಕು, ಐದು, ಆರು ಇವತ್ತಿನವು. ಹಿಂದಿನ ಪುಟ ತಿರುವಿದಳು. ಮೊನ್ನೆ, ಆಚೆ ಮೊನ್ನೆ. ಬೆಟ್ಟದ ಗಾಳಿ, ಅದರ ಕೆಳಗೇ ದೂರ ನಡೆದ ಪ್ರಯಾಣಿಕ, ಅದರ ಕೆಳಗೆ ಕಿರೀಟದ ಕಳ್ಳ. ಒಂದೂ ಹಿಂದೆ ಮುಂದೆ ಆಗಿಲ್ಲ. ಅವಳು ಬೆಂಚಿನ ಮೇಲೆ ಕೂತಳು. ಹಿಂದೆ ಸಾವಿರಾರು ಜನ ಕೂತು ಬಾಯಿಪಾಠ ಮಾಡಿದ ಬೆಂಚು ಅದು.

ಮನೆಗೆ ಬಂದು ನೋಟುಬುಕ್ಕನ್ನು ಮಡಿಲಲ್ಲಿಟ್ಟುಕೊಂಡು ಗಂಡನ ಎದುರು ಕೂತಳು. ಏಳನೇ ವಾಕ್ಯದ ಮೇಲೆ ಬೆರಳಿಟ್ಟು, “ನೀರು ಬೇಕೇನ್ರೀ?” ಎಂದಳು. ಏಳನೆಯದು ಬಂತು. ಎಂಟರ ಮೇಲೆ ಬೆರಳಿಟ್ಟು ಏನೂ ಕೇಳದೆ, ಸಮವಸ್ತ್ರದ ಅಂಗಡಿಯವರು ಬರೆದು ಕಳಿಸಿದ ಅಳತೆಗಳನ್ನು ಗಟ್ಟಿಯಾಗಿ ಓದಿದಳು: ಎದೆ ಇಪ್ಪತ್ತೆಂಟು, ತೋಳು ಹತ್ತು, ಉದ್ದ ಇಪ್ಪತ್ತೊಂದು. ಓದು ನಿಲ್ಲಿಸಿ ಮುಖ ನೋಡಿದಳು. ಎಂಟನೆಯದು ಬಂತು. ತರಗತಿಯ ದನಿ ನಿಂತು ಎಲ್ಲರೂ ಮುಖ ನೋಡಿದಾಗ ಮುಂದಿನ ವಾಕ್ಯ ಹೇಳುವುದು ಮೇಷ್ಟ್ರ ಅಭ್ಯಾಸ. ಆರು ತಿಂಗಳಿಂದ ಅವಳೊಬ್ಬಳೇ ಆ ಇಡೀ ತರಗತಿಯಾಗಿದ್ದಳು.

ಎರಡು ದಿನ ಅವಳು ಗಂಡನ ಹತ್ತಿರ ತುಟಿ ಪಿಟಕ್ಕೆನ್ನಲಿಲ್ಲ. ಊಟ ಮಾಡಿಸಿದಳು, ಮೈ ಒರೆಸಿದಳು, ಮಗ್ಗುಲು ಬದಲಿಸಿದಳು, ಎಲ್ಲ ಮುಖ ಗಂಟಿಕ್ಕಿಕೊಂಡೇ. ಕೋಪ ಯಾರ ಮೇಲೆ ಎಂದು ಕೇಳಿದರೆ ಅವಳಿಗೇ ಗೊತ್ತಿರಲಿಲ್ಲ. ಅವಳು ಸುಮ್ಮನಿದ್ದದ್ದಕ್ಕೆ ಅವರೂ ಸುಮ್ಮನಾದರು. ಹೊಲಿಗೆ ಯಂತ್ರದ ಸದ್ದು ಬಿಟ್ಟರೆ ಮನೆಯಲ್ಲಿ ಏನೂ ಇಲ್ಲ. ಎರಡನೆಯ ಸಂಜೆ ಯಂತ್ರ ನಿಲ್ಲಿಸಿ ನೋಡಿದಾಗ ಗಂಡ ತನ್ನನ್ನೇ ನೋಡುತ್ತಿದ್ದರು, ಏನೋ ಕಾಯುತ್ತಿರುವಂತೆ. ಅವಳಿಗೆ ತಡೆಯಲಾಗಲಿಲ್ಲ. ಅರ್ಥವಿಲ್ಲದಿದ್ದರೂ ದನಿ ಅವರದೇ ತಾನೆ.

ಆಗ ಅವಳು ಹೊಲಿಗೆಯವಳ ಬುದ್ಧಿ ಓಡಿಸಿದಳು. ಇರುವ ಬಟ್ಟೆಯನ್ನು ನೋಡಿಕೊಂಡು ಅಂಗಿ ಕತ್ತರಿಸಬೇಕು. ಮುಂದಿನ ವಾಕ್ಯ ಯಾವುದೆಂದು ಮೊದಲೇ ಓದಿಕೊಂಡು, ಅದೇ ಉತ್ತರವಾಗುವಂಥ ಪ್ರಶ್ನೆ ಕೇಳತೊಡಗಿದಳು. ನೋಟುಬುಕ್ಕಿನಲ್ಲಿ ‘ನಾವು ಕಾಯುತ್ತಿದ್ದ ರೈಲು ಬಂದಿದೆ’ ಎಂದಿದ್ದರೆ, “ರೀ, ಯಾಕೋ ಸದ್ದಾಯ್ತಲ್ಲ, ಏನು ಬಂತು?” ಎನ್ನುವಳು. ‘ನೀನು ಬರೆದ ಪತ್ರ ನನಗೆ ಸಿಕ್ಕಿದೆ’ ಎಂದಿದ್ದರೆ ಮದುವೆಗೆ ಮುಂಚೆ ತಾನು ಬರೆದ ಒಂದೇ ಒಂದು ಪತ್ರದ ಸುದ್ದಿ ಎತ್ತುವಳು. ಮಾತಿಗೆ ಮಾತು ಸರಿಯಾಗಿ ಕೂಡುತ್ತಿತ್ತು, ಹಿಂದೆಂದಿಗಿಂತ ಚೆನ್ನಾಗಿ. ಸುಖ ಮಾತ್ರ ಇರಲಿಲ್ಲ.

ಹೀಗೆ ಮುಂದೆ ಮುಂದೆ ಓದಿಕೊಂಡು ಹೋಗುವಾಗ ಮೂವತ್ತಾರನೇ ಪಾಠದ ಹನ್ನೊಂದನೇ ವಾಕ್ಯ ಕಣ್ಣಿಗೆ ಬಿತ್ತು. ‘ದಿ ಗರ್ಲ್ ಹೂ ಈಸ್ ಸ್ಟ್ಯಾಂಡಿಂಗ್ ಅಟ್ ದಿ ಡೋರ್ ಈಸ್ ಮೈ ಡಾಟರ್.’ ಬಾಗಿಲಲ್ಲಿ ನಿಂತಿರುವ ಹುಡುಗಿ ನನ್ನ ಮಗಳು.

ಅವಳು ನೋಟುಬುಕ್ಕು ಮುಚ್ಚಿದಳು. ಮೋಸವಾಗುತ್ತದೆ ಎಂದು ಒಂದು ಮನಸ್ಸು ಹೇಳಿತು. ಆಗಲಿ ಎಂದು ಇನ್ನೊಂದು ಮನಸ್ಸು ಹೇಳಿತು. ಹನ್ನೊಂದನೇ ಪಾಠಕ್ಕೇ ಹೊರಬಿದ್ದ ಮಗಳಿಗೆ ಮೂವತ್ತಾರನೇ ಪಾಠದಲ್ಲಿ ಏನಿದೆಯೆಂದು ಹೇಗೆ ಗೊತ್ತಾಗಬೇಕು? ಡಾಕ್ಟರು ಬೇರೆ, ಇವರು ಇನ್ನು ಹೆಚ್ಚು ದಿನ ಉಳಿಯುವುದಿಲ್ಲ ಎಂದಿದ್ದರು.

ಡಿಪೋಕ್ಕೆ ಫೋನು ಮಾಡಿದಳು. “ಭಾನುವಾರ ನಾಲ್ಕಕ್ಕೆ ಬಾ.”

“ಅವರ ಇಂಗ್ಲಿಷ್ ಕೇಳೋಕೆ ನಾನು ಬರಲ್ಲ ಅಮ್ಮ.”

“ಒಳಗೆ ಬರ್ಬೇಡ. ಬಾಗಿಲಲ್ಲೇ ನಿಂತು ಹೋಗು. ನಿನ್ನ ಹತ್ರ ಇನ್ಯಾವತ್ತೂ ಏನೂ ಕೇಳಲ್ಲ, ಇದೊಂದು ಮಾಡು.”

ಭಾನುವಾರದ ಹೊತ್ತಿಗೆ ಅವರನ್ನು ಹತ್ತನೇ ವಾಕ್ಯ ದಾಟಿಸಿ ನಿಲ್ಲಿಸಬೇಕು. ಯಾರಾದರೂ ಬಂದು ಮಾತಾಡಿಸಿ ಕೆಡಿಸಿಯಾರೆಂದು ಅವಳು ಎರಡು ವಾಕ್ಯ ಕೈಯಲ್ಲಿಟ್ಟುಕೊಂಡು ಎಂಟಕ್ಕೇ ನಿಲ್ಲಿಸಿದ್ದಳು. ಅದು ಒಳ್ಳೆಯದೇ ಆಯಿತು. ಎರಡೂವರೆಗೆ ಔಷಧಿ ಅಂಗಡಿಯವಳು ರಕ್ತದೊತ್ತಡ ನೋಡಲು ಬಂದು, ಇವಳು ಬಾಯಿ ಮೇಲೆ ಬೆರಳಿಡುವಷ್ಟರಲ್ಲಿ, “ಮೇಷ್ಟ್ರೇ, ಹೇಗಿದೀರಾ?” ಎಂದುಬಿಟ್ಟಳು. ಒಂಬತ್ತು ಹೋಯಿತು. ಟೈಲರಮ್ಮ ಅವಳ ರಟ್ಟೆ ಹಿಡಿದು ಹೊರಗೆ ಕಳಿಸಿದಳು. ಪಾಪ, ಅವಳು ಏನು ತಪ್ಪಾಯಿತೆಂದು ತಿಳಿಯದೆ ಹೋದಳು.

ನಾಲ್ಕಾಯಿತು, ಮಗಳಿಲ್ಲ. ನಾಲ್ಕೂವರೆಗೆ ಬೀದಿಯಲ್ಲಿ ಮೋಟಾರು ಸೈಕಲ್ಲು ನಿಂತ ಸದ್ದಾಯಿತು. ಟೈಲರಮ್ಮ ಗಂಡನ ಎದುರು ಕೂತು, “ಬಾವಿ ಬತ್ತಿತೇನ್ರೀ?” ಎಂದಳು, ಹತ್ತನೆಯದು ನೀರಿಲ್ಲದ ಬಾವಿಯದು. ಮೇಷ್ಟ್ರ ಕಣ್ಣು ಮುಚ್ಚುತ್ತಿತ್ತು. ಉತ್ತರ ಬರಲಿಲ್ಲ. ಮೆಟ್ಟಿಲ ಮೇಲೆ ಬೂಟಿನ ಸದ್ದು. “ರೀ, ಬಾವಿ ರೀ, ಬಾವಿ!” ಎಂದು ಭುಜ ಅಲುಗಿಸಿದಳು. ಬಾಗಿಲ ಚಿಲಕ ಸದ್ದಾದಾಗ ಅವರು ಕಣ್ಣು ಬಿಟ್ಟು ಬಾವಿಯ ವಾಕ್ಯವನ್ನು ಹೇಳಿ ಮುಗಿಸಿದರು.

ಮಗಳು ಹೊಸ್ತಿಲಲ್ಲಿ ನಿಂತಳು. ತಲೆಗೂದಲು ಗಾಳಿಗೆ ಕೆದರಿತ್ತು, ಮುಖ ಬಿಗಿದುಕೊಂಡಿತ್ತು. ತಾಯಿ ಸುಮ್ಮನಿರು ಎಂದು ಸನ್ನೆ ಮಾಡಿ, ಗಂಡನ ಗಲ್ಲ ಹಿಡಿದು ಮುಖವನ್ನು ಬಾಗಿಲ ಕಡೆ ತಿರುಗಿಸಿದಳು.

“ರೀ, ಅಲ್ಲಿ ಬಾಗಿಲಲ್ಲಿ ನಿಂತಿರೋದು ಯಾರು, ಗೊತ್ತಾಯ್ತಾ?”

ಮೇಷ್ಟ್ರು ನೋಡಿದರು. ಆಮೇಲೆ ತರಗತಿಯಲ್ಲಿ ಹೇಳುತ್ತಿದ್ದ ಹಾಗೇ, ಒಂದೊಂದು ಪದವನ್ನೂ ಬಿಡಿಸಿ ಹೇಳಿದರು. ಕೊನೆಯ ಎರಡು ಪದ ಮಗಳಿಗೆ ಅರ್ಥವಾಗಲು ಯಾವ ಟ್ಯುಟೋರಿಯಲ್ಲೂ ಬೇಕಿರಲಿಲ್ಲ. ಮೈ ಡಾಟರ್.

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ಹಾಗೇ ಕುಸಿದು ಕೂತಳು. ಬಸ್ಸಿನಡಿ ನುಗ್ಗಿ ಎಂಜಿನ್ ಬಿಚ್ಚುವ ಹೆಣ್ಣು, ಹದಿನೈದು ವರ್ಷದ ಹುಡುಗಿಯಂತೆ ಬಿಕ್ಕಿದಳು. ಆಮೇಲೆ ಎದ್ದು ಬಂದು ಮಂಚದ ಪಕ್ಕ ಮಂಡಿಯೂರಿ, “ಅಪ್ಪಾ” ಎಂದು ಅವರ ಮುಖ ನೋಡಿದಳು. ಮೇಷ್ಟ್ರ ತುಟಿ ಅಲ್ಲಾಡಿತು. ಹನ್ನೆರಡನೆಯದು ಪುಸ್ತಕ ತಿಂದು ಓಡಿಹೋದ ಆಡಿನ ವಾಕ್ಯ. ಟೈಲರಮ್ಮ ಚಂಗನೆ ಹಾರಿ ಒಂದು ಚಮಚ ಹಾಲನ್ನು ಅವರ ಬಾಯಿಗೆ ಹಾಕಿದಳು. “ದಣಿವಾಗಿದೆ ಅವರಿಗೆ. ಮಾತಾಡಿಸ್ಬೇಡ ಮಗಾ, ಕೈ ಹಿಡ್ಕೊಂಡು ಕೂತ್ಕೋ ಸಾಕು,” ಎಂದಳು. ಮಗಳು ಕೈ ಹಿಡಿದು ಕತ್ತಲಾಗುವವರೆಗೆ ಕೂತಳು.

ಅಂದಿನಿಂದ ಮಗಳು ಕೆಲಸ ಮುಗಿಸಿ ದಿನಾ ಬಂದಳು. ಅಪ್ಪನ ಉಗುರು ಕತ್ತರಿಸಿದಳು, ಮಂಚದ ಕಾಲಿಗೆ ಚಕ್ರ ಕೂರಿಸಿದಳು. ಒಂದು ಸಂಜೆ ತಾಯಿಯ ಪಕ್ಕ ಕೂತು ಗುಂಡಿ ಆರಿಸಿಕೊಡುತ್ತಾ ಹೇಳಿದಳು: “ಮಿಕ್ಕಿದ್ದೆಲ್ಲ ಪಾಠ ಅಂತ ನನಗೆ ಗೊತ್ತಮ್ಮ. ಆ ಒಂದು ಮಾತು ಮಾತ್ರ ಪಾಠ ಅಲ್ಲ, ಅಲ್ವಾ?”

“ಅಲ್ಲ” ಎಂದಳು ತಾಯಿ. ಸೂಜಿಯಿಂದ ಕಣ್ಣೆತ್ತಲಿಲ್ಲ.

ಮಗಳಿಗೆ ಸಿಕ್ಕಿತು. ಇನ್ನು ತನಗೊಂದು ಸಿಕ್ಕೀತೇ ಎಂದು ಟೈಲರಮ್ಮ ಉಳಿದ ಪುಟಗಳನ್ನೆಲ್ಲ ಹುಡುಕಿದಳು. ಹುಡುಕಿ ಮುಗಿದ ಮೇಲೆ ಹಿಂದಿನವನ್ನೂ ಹುಡುಕಿದಳು. ಸಾವಿರ ವಾಕ್ಯದಲ್ಲಿ ‘ನನ್ನ ತಂದೆ’ ಒಂಬತ್ತು ಸಲ, ‘ನನ್ನ ಅಣ್ಣ’ ಆರು ಸಲ, ‘ನನ್ನ ನಾಯಿ’ ನಾಲ್ಕು ಸಲ. ಸ್ಟೇಷನ್ ಮಾಸ್ತರನ ಹೆಂಡತಿಯಿದ್ದಳು, ಸೇನಾಪತಿಯ ಹೆಂಡತಿಯಿದ್ದಳು. ‘ನನ್ನ ಹೆಂಡತಿ’ ಒಂದು ಸಲವೂ ಇರಲಿಲ್ಲ. ಮೊದಲ ಪುಟದ ಮೂಲೆಯಲ್ಲಿ ತಾರೀಕಿತ್ತು, ಅವರ ಮದುವೆಗೆ ಎರಡು ವರ್ಷ ಮುಂಚಿನದು. ಆಗ ನಾನಿನ್ನೂ ಬಂದೇ ಇರಲಿಲ್ಲವಲ್ಲ, ಪಾಪ, ಎಂದು ಸಮಾಧಾನ ಮಾಡಿಕೊಂಡಳು. ಮರುಗಳಿಗೆಯಲ್ಲಿ ಸಿಟ್ಟು ಬಂತು. ಹುಟ್ಟದ ಮಗಳನ್ನು ಬಾಗಿಲಲ್ಲಿ ನಿಲ್ಲಿಸಿದ ಮಹಾನುಭಾವನಿಗೆ ಬರಲಿರುವ ಹೆಂಡತಿಯನ್ನು ಒಂದು ಕಡೆ ಕೂರಿಸಲು ಏನಾಗಿತ್ತು?

ಕೊನೆಗೆ ಮೂವತ್ತೊಂಬತ್ತನೇ ಪಾಠದಲ್ಲಿ ಇಪ್ಪತ್ತನೆಯದಾಗಿ ಒಂದು ಸಿಕ್ಕಿತು. ‘ಈ ಅಂಗಿಯನ್ನು ಹೊಲಿದ ಟೈಲರ್ ಗುಂಡಿಗಳನ್ನು ಮರೆತಿದ್ದಾನೆ.’ ಇಂಗ್ಲಿಷಿನಲ್ಲಿ ಅದು ಮರೆತಿದ್ದಾನೆಯೂ ಆಗುತ್ತದೆ, ಮರೆತಿದ್ದಾಳೆಯೂ ಆಗುತ್ತದೆ ಎಂದು ಔಷಧಿ ಅಂಗಡಿಯವಳು ಹೇಳಿದಳು. ಬೈಗುಳವೇ ಸರಿ. ಮೂವತ್ತು ವರ್ಷ ಗುಂಡಿ ಹಾಕಿ ಬೆರಳು ಸವೆಸಿದವಳಿಗೆ ಇಂಥ ಮಾತು! ಆದರೂ ಟೈಲರ್ ಅಂದರೆ ತಾನೇ. ಅದನ್ನೇ ತನ್ನದೆಂದು ಇಟ್ಟುಕೊಂಡಳು. ಕೇಳಬೇಕಾದ ಪ್ರಶ್ನೆಯನ್ನೂ ಸಿದ್ಧ ಮಾಡಿಕೊಂಡಳು: ರೀ, ನಾನು ಯಾರು ಹೇಳಿ ನೋಡೋಣ?

ಒಂದೇ ಬೆಳಿಗ್ಗೆ ಕೂತು ಸರಸರನೆ ಹೇಳಿಸಿದ್ದರೆ ಅಲ್ಲಿಗೆ ಮುಟ್ಟಬಹುದಿತ್ತು. ಆದರೆ ನಲವತ್ತನೆಯದು ಮುಗಿದ ಮೇಲೆ ಏನು? ಮತ್ತೆ ಮೊದಲಿನಿಂದ ಶುರುವಾಗುತ್ತದೋ, ಬಾಯಿ ಶಾಶ್ವತವಾಗಿ ಮುಚ್ಚುತ್ತದೋ, ಯಾರು ಬಲ್ಲರು? ಆ ಭಯಕ್ಕೆ ಅವಳು ವಾಕ್ಯಗಳನ್ನು ಹಿಡಿದು ಹಿಡಿದು ಬಳಸಿದಳು. ಬೆಳಿಗ್ಗೆ ಒಂದು, ಸಂಜೆ ಒಂದು. ಬಂದವರಿಗೆಲ್ಲ ಮಾತಾಡಿಸಬೇಡಿ ಎಂದು ಕೈ ಮುಗಿದಳು. ಹೀಗೆ ನಲವತ್ತು ದಿನ ದೂಡಿದಳು.

ಒಂದು ಮಂಗಳವಾರ ಬೆಳಿಗ್ಗೆ, ಮೂವತ್ತೊಂಬತ್ತನೇ ಪಾಠದ ಹದಿನೇಳನೆಯದನ್ನು ಹೇಳಿ, ಮಧ್ಯಾಹ್ನದ ನಿದ್ದೆಯಲ್ಲೇ ಮೇಷ್ಟ್ರು ಹೋದರು. ಅವಳು ಸಂಜೆಯ ವಾಕ್ಯಕ್ಕೆಂದು ಕೈ ಒರೆಸಿಕೊಂಡು ಎದುರು ಬಂದು ಕೂತು, ಮಾತಾಡಿಸಿ, ಮುಖ ನೋಡಿದಾಗಲೇ ಗೊತ್ತಾದದ್ದು. ಹದಿನೇಳನೆಯದು ಮಳೆಯಲ್ಲಿ ನೆನೆದ ಕೊಡೆಯ ವಿಷಯ. ಇನ್ನು ಮೂರೇ ಬಾಕಿ ಇದ್ದವು.

ಬಂದವರೆಲ್ಲ ಹೋದ ಮೇಲೆ ಮಗಳು ಅಮ್ಮನ ಹೆಗಲಿಗೆ ತಲೆಯಿಟ್ಟು ಕೂತಳು.

“ನನಗಂತೂ ಹೇಳೇ ಹೋದ್ರು. ನಿನಗೇನಾದ್ರೂ ಹೇಳಿದ್ರಾ ಅಮ್ಮ?”

ಟೈಲರಮ್ಮ ಖಾಲಿ ಮಂಚವನ್ನು ನೋಡಿದಳು.

“ಹೇಳೋದ್ರಲ್ಲಿದ್ರು” ಎಂದಳು.